ಹೀರೋ ಕೈಲಿ ಮೊಬೈಲು, ಕಥೆಗೆ ಕುತ್ತು

ಈಗಿನ ಕಾಲದಲ್ಲಿ ಪ್ರೇಮ ಕಾದಂಬರಿಗೆ ದೊಡ್ಡ ಶತ್ರು ಯಾರು ಅಂತ ಕೇಳಿ ನೋಡಿ. ಒಬ್ಬರು ಟಿ.ವಿ. ಧಾರಾವಾಹಿ ಅಂತಾರೆ, ಇನ್ನೊಬ್ಬರು ರೀಲ್ಸ್ ಅಂತಾರೆ, ಮೂರನೆಯವರು ಓದೋರೇ ಇಲ್ಲ ಬಿಡಿ ಅಂತ ಕೈ ಚೆಲ್ಲುತ್ತಾರೆ. ನಮ್ಮ ಮಾದಿಹಳ್ಳಿಯ ಟೈಲರಮ್ಮನ ಉತ್ತರವೇ ಬೇರೆ.

"ಮೊಬೈಲು ಮೇಷ್ಟ್ರೇ. ಓದೋರ ಕೈಲಿರೋದಲ್ಲ, ಹೀರೋ ಕೈಲಿರೋದು."

ನಮ್ಮ ಹಿತ್ತಿಲಿಗೂ ಅವಳ ಹಿತ್ತಿಲಿಗೂ ನಡುವೆ ಒಂದು ದಾಸವಾಳದ ಬೇಲಿ ಇದೆ. ಮೇಕೆ ತಿಂದು ತಿಂದು ಒಂದು ಕಡೆ ತೆಳ್ಳಗಾಗಿದೆ. ಊರಿನ ಮುಖ್ಯ ವಿಚಾರಗಳೆಲ್ಲ ಆ ಕಂಡಿಯಲ್ಲೇ ಇತ್ಯರ್ಥ ಆಗೋದು. ಟೈಲರಮ್ಮ ಬ್ಲೌಸು ಹೊಲಿಯುತ್ತಾಳೆ, ಸೀರೆಗೆ ಫಾಲ್ಸು, ಪಿಕೋ ಹಾಕುತ್ತಾಳೆ. ಈಚೆಗೆ ಒಂದು ಕಾದಂಬರಿಯನ್ನೂ ಬರೆದಿದ್ದಾಳೆ. ಸ್ವಂತ ದುಡ್ಡಲ್ಲಿ ಅಚ್ಚು ಹಾಕಿಸ್ತಾಳಂತೆ. "ಯಾರಿಗೂ ಹೇಳಬೇಡಿ" ಅಂತ ಬೀದಿಯ ಪ್ರತಿ ಮನೆಗೂ ಹೋಗಿ ಹೇಳಿ ಬಂದಿದ್ದಾಳೆ.

ಅವಳ ಸಿದ್ಧಾಂತ ಇಷ್ಟು: ಪ್ರೀತಿಯನ್ನ ಬರೆಯೋಕೆ ಎರಡು ಪುಟ ಸಾಕು. ಮಿಕ್ಕಿದ್ದೆಲ್ಲ ಅಡ್ಡಿ. ಅಡ್ಡಿ ಇದ್ದರೆ ಕಾದಂಬರಿ, ಇಲ್ಲದಿದ್ದರೆ ಲಗ್ನಪತ್ರಿಕೆ. ಮೊದಲಾದರೆ ಹುಡುಗ ಬರೆದ ಕಾಗದ ಹುಡುಗಿಯ ಅಪ್ಪನ ಕೈಗೆ ಸಿಗುತ್ತಿತ್ತು, ತಂತಿ ತಡವಾಗಿ ಬರುತ್ತಿತ್ತು. ಆ ತಂತಿ ಸೇವೆಯನ್ನೂ 2013ರ ಜುಲೈನಲ್ಲಿ ಸರ್ಕಾರವೇ ಮುಚ್ಚಿತು. ಈಗ ಹೀರೋ ಹಗರೆಯಲ್ಲಿ ಬಸ್ಸು ತಪ್ಪಿಸಿಕೊಂಡರೆ ಹೀರೋಯಿನ್‌ಗೆ ಲೊಕೇಶನ್ ಕಳಿಸ್ತಾನೆ. ವಿರಹ ಅನ್ನೋದು ಹತ್ತು ನಿಮಿಷಕ್ಕೆ ಬಂದು ನಿಂತಿದೆ. ಅದರಲ್ಲಿ ನೂರೆಂಬತ್ತು ಪುಟ ತುಂಬಿಸೋದು ಹೇಗೆ?

ನಾನು ಕನ್ನಡ ಪಾಠ ಮಾಡಿ ನಿವೃತ್ತನಾದವನು. ಇಂಥ ಪ್ರಶ್ನೆ ಕೇಳಿದರೆ ಬಾಯಿ ಸುಮ್ಮನಿರೋದಿಲ್ಲ. ಹನ್ನೆರಡನೆಯ ಶತಮಾನದ ನೇಮಿಚಂದ್ರನ ಕಥೆ ಶುರು ಮಾಡಿದೆ. ನಮ್ಮ ಪಕ್ಕದ ದೋರಸಮುದ್ರಕ್ಕೂ, ಅಂದರೆ ಈಗಿನ ಹಳೇಬೀಡಿಗೂ, ನಂಟಿದ್ದ ಕವಿ ಕಣಮ್ಮ. ಹೊಯ್ಸಳ ದೊರೆ ವೀರಬಲ್ಲಾಳನ ಮಂತ್ರಿ ಕೇಳಿಕೊಂಡ ಅಂತ ನೇಮಿನಾಥ ಪುರಾಣ ಹಿಡಿದ, ಅರ್ಧಕ್ಕೇ ನಿಂತು ಅದು 'ಅರ್ಧನೇಮಿ' ಆಯಿತು. ಆದರೆ ಅವನ 'ಲೀಲಾವತಿ' ಇದೆಯಲ್ಲ, ಅದು ಅಪ್ಪಟ ಪ್ರೇಮಕಥೆ. ಬನವಾಸಿಯ ರಾಜಕುಮಾರ ಕಂದರ್ಪದೇವ ಕನಸಲ್ಲಿ ಒಬ್ಬ ಹುಡುಗಿಯನ್ನ ನೋಡ್ತಾನೆ. ಅದೇ ಹೊತ್ತಿಗೆ ಅವಳೂ ಇವನನ್ನ ಕನಸಲ್ಲಿ ಕಾಣ್ತಾಳೆ. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಹುಡುಕಿಕೊಂಡು ಹೊರಟೇಬಿಡ್ತಾನೆ.

ಟೈಲರಮ್ಮ ಹಲ್ಲಲ್ಲಿ ಕಚ್ಚಿದ್ದ ದಾರ ಬಿಟ್ಟು ನಕ್ಕಳು. "ಇವತ್ತಾಗಿದ್ರೆ ಕನಸಿಂದ ಎದ್ದೋನು ಹಲ್ಲುಜ್ಜೋದ್ರೊಳಗೆ ಇನ್‌ಸ್ಟಾಗ್ರಾಂನಲ್ಲಿ ಹುಡುಕಿ ರಿಕ್ವೆಸ್ಟ್ ಕಳಿಸಿರ್ತಿದ್ದ. ಕಾವ್ಯ ಅಲ್ಲಿಗೇ ಮುಗೀತಿತ್ತು."

ಮಾತು ನಿಜ. ನೇಮಿಚಂದ್ರನಿಗೆ ಅಷ್ಟುದ್ದ ಚಂಪೂ ಕಾವ್ಯ ಒದಗಿಸಿದ್ದೇ ವಿಳಾಸ ಇಲ್ಲದ ಕನಸು. ಇಲ್ಲಿ ಒಂದು ಮಾತು ಹೇಳಿಬಿಡ್ತೀನಿ. ಪ್ರೇಮ ಕಾದಂಬರಿ ಅಂದ ಕೂಡಲೇ ಮೂಗು ಮುರಿಯುವ ವಿದ್ವಾಂಸರು ಈ ಲೀಲಾವತಿಯನ್ನ ಎಂ.ಎ. ತರಗತಿಯಲ್ಲಿ ಗಂಭೀರವಾಗಿ ಪಾಠ ಮಾಡ್ತಾರೆ. ಎಂಟುನೂರು ವರ್ಷ ಹಳೆಯದಾದರೆ ಶೃಂಗಾರ ಕಾವ್ಯ, ಬಸ್‌ಸ್ಟ್ಯಾಂಡ್ ಅಂಗಡಿಯಲ್ಲಿ ನೇತಾಡಿದರೆ ಹೆಂಗಸರ ಕಾಲಕ್ಷೇಪ. ಇದ್ಯಾವ ನ್ಯಾಯ?

ಜನ್ನನ ಕಥೆಯನ್ನೂ ಹೇಳಿದೆ. ವೀರಬಲ್ಲಾಳನಿಂದ ಕವಿಚಕ್ರವರ್ತಿ ಅನ್ನಿಸಿಕೊಂಡವನು. 1209ರಲ್ಲಿ 'ಯಶೋಧರ ಚರಿತೆ' ಬರೆದ. ರಾಣಿ ಅಮೃತಮತಿ ಮಲಗಿದ್ದಾಗ ದೂರದಿಂದ ಒಂದು ಹಾಡು ಕೇಳಿಬರುತ್ತೆ. ಆ ದನಿಗೇ ಮನಸ್ಸು ಕೊಟ್ಟುಬಿಡ್ತಾಳೆ. ಬೆಳಗ್ಗೆ ವಿಚಾರಿಸಿದರೆ ಹಾಡಿದವನು ಮಾವುತ, ನೋಡೋಕಾಗದಷ್ಟು ಕುರೂಪಿ. ದೂತಿ ಬಂದು ಅವನ ಅಂದ ಚೆಂದವನ್ನೆಲ್ಲ ವರದಿ ಮಾಡಿದರೂ ರಾಣಿ ಹಿಂದೆ ಸರಿಯೋದಿಲ್ಲ.

"ಜೈನ ಧರ್ಮದ ಕಥೆ ಅಂತೀರಿ, ಇಷ್ಟೆಲ್ಲಾ ಇದೆಯಾ?" ಅಂದಳು.

"ಹಿಂಸೆ ಬೇಡ ಅಂತ ಹೇಳೋಕೆ ಬರೆದದ್ದು. ಹಿಟ್ಟಿನ ಕೋಳಿ ಬಲಿ ಕೊಟ್ಟ ಪಾಪಕ್ಕೆ ಜನ್ಮಜನ್ಮಾಂತರ ಅಲೆಯೋ ಕಥೆ."

"ಕೋಳಿ ಯಾರಿಗೆ ನೆನಪಿರುತ್ತೆ ಮೇಷ್ಟ್ರೇ? ಹಾಡು ನೆನಪಿರುತ್ತೆ."

ಅಷ್ಟು ವರ್ಷ ಪಾಠ ಮಾಡಿದ್ದರಲ್ಲಿ ಯಾವ ಹುಡುಗನೂ ಇಂಥ ಉತ್ತರ ಬರೆದಿರಲಿಲ್ಲ. ಬರೆದಿದ್ದರೂ ನಾನು ಅಂಕ ಕೊಡ್ತಿದ್ದೆನೋ ಇಲ್ಲವೋ.

ಸಿಕ್ಕಿದ್ದೇ ಸಂದು ಅಂತ ನಾನು ಅವಳ ಅಡ್ಡಿ ಸಿದ್ಧಾಂತವನ್ನ ಕಂಡ ಕಂಡ ಪುಸ್ತಕಕ್ಕೆಲ್ಲ ಹಚ್ಚಿ ನೋಡಿದೆ. ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ', 1942ರ ಪುಸ್ತಕ, ಗಂಡ ಹೆಂಡಿರ ಪ್ರೇಮದ್ದು. ಮದುವೆ ಆಗಿಹೋಗಿದೆ, ಅಲ್ಲೇನು ಅಡ್ಡಿ? ಇದೆ. ಹೆಂಡತಿಯನ್ನ ನೋಡೋಕೆ ಅಂತ ಇರುಳಲ್ಲಿ ಮಾವನ ಮನೆಗೆ ಬಂದ ಅಳಿಯನಿಗೆ ಉಪಚಾರವೆಲ್ಲ ಸಿಗುತ್ತೆ, ಹೆಂಡತಿ ಮಾತ್ರ ಕಣ್ಣಿಗೆ ಬೀಳೋದಿಲ್ಲ, ಅವಳು ಹೊರಗಾಗಿದ್ದಾಳೆ. ಒಂದೇ ಮನೆ, ನಡುವೆ ಒಂದು ಬಾಗಿಲು. ಇಡೀ ಕನ್ನಡನಾಡು ಆ ಅಳಿಯನಿಗೋಸ್ಕರ ಇವತ್ತಿಗೂ ಮರುಗುತ್ತೆ.

ತ್ರಿವೇಣಿಯವರ 'ಬೆಳ್ಳಿ ಮೋಡ'ದಲ್ಲಿ ಅಡ್ಡಿ ಇನ್ನೂ ಮಜವಾದದ್ದು. ಇಂದಿರಾ ಒಬ್ಬಳೇ ಮಗಳು, ಆಸ್ತಿಗೆಲ್ಲ ಒಡತಿ ಅಂತ ಲೆಕ್ಕ ಹಾಕಿದ ಹುಡುಗ ನಿಶ್ಚಯ ಮಾಡಿಕೊಂಡು ವಿದೇಶಕ್ಕೆ ಓದೋಕೆ ಹೋಗ್ತಾನೆ. ಅವನು ಹಿಂತಿರುಗೋ ಹೊತ್ತಿಗೆ ಅವಳಿಗೊಬ್ಬ ತಮ್ಮ ಹುಟ್ಟಿರ್ತಾನೆ! ತೊಟ್ಟಿಲಲ್ಲಿರೋ ಕೂಸು ಖಳನಾಯಕ. ಆಮೇಲೆ ಕಾಲು ಮುರಿದುಕೊಂಡು ಅವಳ ಕೈಲೇ ಆರೈಕೆ ಮಾಡಿಸಿಕೊಂಡಾಗ ಇವನಿಗೆ ನಿಜವಾಗಿ ಪ್ರೀತಿ ಹುಟ್ಟುತ್ತೆ. ಅಷ್ಟರಲ್ಲಿ ಅವಳ ಮನಸ್ಸು ಮುಗಿದಿರುತ್ತೆ. 1967ರಲ್ಲಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದರು, ಕಲ್ಪನಾ ಇಂದಿರಾ ಆದರು. ಟೈಲರಮ್ಮನಿಗೆ ಆ ಸಿನಿಮಾ ಬಾಯಿಪಾಠ. "ಮೊಬೈಲ್ ಇದ್ದಿದ್ರೂ ಆ ಕಥೆ ಕೆಡ್ತಿರಲಿಲ್ಲ ನೋಡಿ" ಅಂದವಳು ಒಂದು ಗಳಿಗೆ ಸುಮ್ಮನಾದಳು. ಅಲ್ಲಿಂದಲೇ ಅವಳಿಗೆ ದಾರಿ ಸಿಕ್ಕಿದ್ದು ಅಂತ ನನ್ನ ಅನುಮಾನ. ಒಪ್ಪೋದಿಲ್ಲ ಅವಳು.

ಅವಳು ಹೇಳೋ ಮೂಲ ಬೇರೆ. ಅದು ಅವಳ ಅಳತೆ ಪುಸ್ತಕ. ರೂಲು ಹಾಕಿದ ಉದ್ದನೆಯ ನೋಟುಬುಕ್ಕು, ಅಂಚಿಗೆಲ್ಲ ಮಾರ್ಕಿಂಗ್ ಚಾಕಿನ ನೀಲಿ, ನಡುನಡುವೆ ಪಿನ್ನು ಚುಚ್ಚಿದ ಬಟ್ಟೆ ಚೂರು. ಒಂದೊಂದು ಪುಟದಲ್ಲಿ ಒಂದೊಂದು ಹೆಣ್ಣುಮಗಳು: ಎದೆ, ಸೊಂಟ, ತೋಳುದ್ದ, ಆರ್ಮ್‌ಹೋಲು, ಬೆನ್ನಿನ ಡೀಪು. ಬೇಲಿ ಮೇಲಿಂದ ಚಾಚಿ ಒಂದು ಪುಟ ತೋರಿಸಿದಳು, ಹೆಸರಿನ ಮೇಲೆ ಹೆಬ್ಬೆರಳು ಇಟ್ಟುಕೊಂಡೇ.

"ಎಂಗೇಜ್‌ಮೆಂಟಿಗೆ ಸೊಂಟ ಮೂವತ್ತು. ಮದುವೆಗೆ ಇಪ್ಪತ್ತೆಂಟು. ಎರಡು ಇಂಚು ಎಲ್ಲಿ ಹೋಯ್ತು ಮೇಷ್ಟ್ರೇ? ಅದೇ ನನ್ನ ಕಾದಂಬರಿ."

ಅಳತೆ ಕೊಡೋವಾಗ ಹೆಣ್ಣುಮಕ್ಕಳು ಸುಳ್ಳು ಹೇಳೋಕಾಗೋದಿಲ್ಲವಂತೆ. ಮೈ ಹೇಳಿಬಿಡುತ್ತೆ. ಒಬ್ಬಳು ಬಂದಿದ್ದಳಂತೆ, ಕೈ ಎತ್ತವ್ವ ಅಂದರೆ ಎಡಗೈ ಎತ್ತಿದಳು, ಬಲಗೈ ಎತ್ತಲಿಲ್ಲ. ಬಲಗೈಲಿ ಫೋನು. ಯಾರದೋ ಹೆಸರಿನ ಕೆಳಗೆ 'ಆನ್‌ಲೈನ್' ಅಂತ ಕಾಣ್ತಿದೆ. ಅವನು ಟೈಪ್ ಮಾಡ್ತಿಲ್ಲ, ಇವಳೂ ಮಾಡ್ತಿಲ್ಲ. ಟೇಪು ಸೊಂಟಕ್ಕೆ ಸುತ್ತಿಕೊಂಡೇ ಇದ್ದಾಳೆ, ಕಣ್ಣು ಪರದೆ ಮೇಲೆ. ಟೈಲರಮ್ಮನ ಸಮಸ್ಯೆ ಅಲ್ಲೇ ಬಗೆಹರೀತು. ಹೀರೋ ಕೈಯಿಂದ ಮೊಬೈಲ್ ಕಿತ್ತುಕೊಳ್ಳೋ ಉಸಾಬರಿಯೇ ಬೇಡ. ಇಬ್ಬರ ಕೈಲೂ ಇರಲಿ, ಇಬ್ಬರ ಹತ್ತಿರವೂ ನಂಬರಿರಲಿ, ಕಳಿಸಿದ್ದನ್ನ ನೋಡಿದ್ದಾರೆ ಅನ್ನೋ ನೀಲಿ ಗೆರೆಯೂ ಕಾಣಲಿ. ಮೊದಲು ಮಾತಾಡೋರು ಯಾರು? ಹಿಂದೆ ಅಂಚೆಯವನ ಮೇಲೆ, ಅಪ್ಪನ ಮೇಲೆ ತಪ್ಪು ಹಾಕಬಹುದಿತ್ತು. ಈಗ ತಪ್ಪು ಹಾಕೋಕೆ ಬೇರೆ ಯಾರೂ ಸಿಗೋದಿಲ್ಲ.

ಅವಳ ಹೀರೋ ರೈತ. ಆಲೂಗಡ್ಡೆ ಹಾಕಿ ಕೈ ಸುಟ್ಟುಕೊಂಡು, ಒಂದಷ್ಟು ಜಮೀನನ್ನ ಶುಂಠಿ ಬೆಳೆಯೋ ಕೇರಳದವರಿಗೆ ಗುತ್ತಿಗೆಗೆ ಕೊಟ್ಟು, ಮೂವತ್ತೈದಾದರೂ ಹೆಣ್ಣು ಸಿಗದೆ ಕೂತವನು. ಹೀರೋಯಿನ್ ಹಾಸನದ ಗಾರ್ಮೆಂಟ್ಸಿಗೆ ಹೋಗಿಬರೋ ಹುಡುಗಿ. ಹುಡುಗಿಯ ಅಮ್ಮನಿಗೆ ಬೆಂಗಳೂರಲ್ಲಿ ಕೆಲಸ ಇರೋ ಅಳಿಯನೇ ಬೇಕು. ಇದನ್ನ ಅವಳು ಕಲ್ಪಿಸಿಕೊಂಡದ್ದಲ್ಲ. 2023ರಲ್ಲಿ ಮಂಡ್ಯದ ಕಡೆಯ ರೈತರ ಮಕ್ಕಳು ಹೆಣ್ಣು ಸಿಗಲಪ್ಪಾ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದು ಪೇಪರಲ್ಲಿ ಬಂತಲ್ಲ. ಓದಿದವರು ನಕ್ಕರು. ಇವಳು ಆ ಸುದ್ದಿ ಕತ್ತರಿಸಿ ಅಳತೆ ಪುಸ್ತಕದಲ್ಲಿ ಇಟ್ಟುಕೊಂಡಳು.

"ಜಾತಿ, ಜಾತಕ, ಸಿರಿತನ ಎಲ್ಲಾ ಹಳೇ ಅಡ್ಡಿ. ಹೊಲ ಇರೋದೇ ಅಡ್ಡಿ ಆಗಿರೋದು ಹೊಸದು. ಇದನ್ನ ಯಾರೂ ಬರೆದಿಲ್ಲ, ನಾನೇ ಬರೀತೀನಿ."

ಬೇಲೂರು ಹಳೇಬೀಡು ಇಷ್ಟು ಹತ್ತಿರ ಇಟ್ಟುಕೊಂಡು ಹೊಯ್ಸಳ ರಾಣಿ ಶಾಂತಲೆಯ ಕಥೆ ಯಾಕೆ ಬರೀಲಿಲ್ಲ ಅಂತ ಕೇಳಿದೆ. ಸುಲಭದ ಸರಕು. ಬೆಂಗಳೂರಲ್ಲಿ ಗರಡಿಮನೆ ನಡೆಸಿ ಹುಡುಗರ ಮೈ ಹುರಿಗೊಳಿಸುತ್ತಿದ್ದ ಕೆ.ವಿ. ಅಯ್ಯರ್ ಅವರೇ 'ಶಾಂತಲಾ' ಬರೆದರು, ಸಿ.ಕೆ. ನಾಗರಾಜರಾಯರ 'ಪಟ್ಟಮಹಾದೇವಿ ಶಾಂತಲದೇವಿ'ಗೆ 1983ರಲ್ಲಿ ಮೂರ್ತಿದೇವಿ ಪ್ರಶಸ್ತಿ ಬಂತು. ದೇವಸ್ಥಾನಗಳು ಯುನೆಸ್ಕೊ ಪಟ್ಟಿಗೆ ಸೇರಿದ ಮೇಲಂತೂ ನೋಡೋಕೆ ಬರೋರ ಸಾಲೇ ಸಾಲು.

"ಬೇಡಪ್ಪಾ" ಅಂದಳು. "ಆ ಗುಡಿಯ ಮದನಿಕೆಯರಿಗೆ ಬ್ಲೌಸೇ ಇಲ್ಲ. ಮೈತುಂಬಾ ಒಡವೆ, ಒಂದು ಗೇಣು ಬಟ್ಟೆ ಇಲ್ಲ. ನನ್ನ ಹೊಟ್ಟೆ ಮೇಲೆ ಕಲ್ಲು ಹಾಕೋ ಹೆಂಗಸರ ಕಥೆ ನಾನ್ಯಾಕೆ ಬರೀಲಿ?"

ಇನ್ನು ಬರೆಯೋ ಕ್ರಮ. ಮಿಷನ್ನಿಗೆ ಮೋಟಾರು ಹಾಕಿಸಿದ್ದಾಳೆ. ಕರೆಂಟು ಇದ್ದಾಗ ಹೊಲಿಗೆ, ಹೋದಾಗ ಸಾಹಿತ್ಯ. ಬೇಸಿಗೆಯಲ್ಲಿ ಅಧ್ಯಾಯಗಳು ಬೇಗ ಬೇಗ ಮುಗೀತವಂತೆ. ಅಳತೆ ಪುಸ್ತಕದ ಹಿಂಭಾಗದಿಂದ ಮುಂದಕ್ಕೆ ಬರೀತಾಳೆ. ಗಿರಾಕಿಗಳ ಅಳತೆ ಮುಂದಿನಿಂದ ಹಿಂದಕ್ಕೆ ಬರುತ್ತೆ. ಎರಡೂ ನಡುವೆ ಎದುರಾದಾಗ ಹೊಸ ಪುಸ್ತಕ. ಆಮೇಲೆ ಅದನ್ನ ಫೋನಿಗೆ ಓದಿ ಹೇಳ್ತಾಳೆ, ಫೋನು ಕನ್ನಡದಲ್ಲಿ ಬರಕೊಳ್ಳುತ್ತೆ. "ಅವಳ ಎದೆ ಝಲ್ಲೆಂದಿತು" ಅಂತ ಇವಳು ಹೇಳಿದರೆ ಅದು "ಅವಳ ಎದೆ ಜಲ್ಲಿ ಎಂದಿತು" ಅಂತ ಬರಕೊಂಡಿತ್ತು. ನಾನು ಕರಡು ತಿದ್ದೋವಾಗ ಕಣ್ಣಿಗೆ ಬಿತ್ತು. ಅವಳ ಗಂಡ ಮನೆ ಕಟ್ಟಿಸೋ ಕೆಲಸದ ಮೇಸ್ತ್ರಿ. ಅವನಿಗೆ ಮಾತ್ರ ಅದೇ ಸರಿ ಅನ್ನಿಸಿತು.

ಅಚ್ಚಿನ ಕಡೆ ಹೋದಾಗ ಬೇರೆಯೇ ಲೋಕ. ಡಿ.ಟಿ.ಪಿ. ಮಾಡೋ ಹುಡುಗ ಪುಟ ಜೋಡಿಸಿ ನೂರೆಂಬತ್ತೊಂದು ಅಂದ. ಪ್ರೆಸ್ಸಿನವರು ಒಪ್ಪಲಿಲ್ಲ. ಡೆಮಿ ಅಷ್ಟಪತ್ರದಲ್ಲಿ ಫರ್ಮಾಕ್ಕೆ ಹದಿನಾರು ಪುಟ. ಹನ್ನೊಂದು ಫರ್ಮಾ ಅಂದರೆ ನೂರೆಪ್ಪತ್ತಾರು, ಹನ್ನೆರಡು ಅಂದರೆ ನೂರತೊಂಬತ್ತೆರಡು. ನಡುವೆ ನಿಂತರೆ ಕಾಗದ ದಂಡ. ಒಂದೋ ಐದು ಪುಟ ಕಡಿಮೆ ಮಾಡಿ, ಇಲ್ಲ ಹನ್ನೊಂದು ಪುಟ ಸೇರಿಸಿ. ದೊಡ್ಡ ಲೇಖಕರು ಇಂಥ ಕಡೆ ರಂಪ ಮಾಡ್ತಾರೆ. ಇವಳು ತೊಂಬತ್ತು ಸೆಂಟಿಮೀಟರ್ ಬಟ್ಟೆ ತಂದು ಉದ್ದ ತೋಳು ಬೇಕು ಅನ್ನೋರಿಗೆ ಜೀವಮಾನವೆಲ್ಲ ಹೊಲಿದುಕೊಟ್ಟವಳು. ಒಂದು ಮಧ್ಯಾಹ್ನದಲ್ಲಿ ಕತ್ತರಿ ಹಾಕಿ ಕೊಟ್ಟಳು. ಹೋದದ್ದು ಏನು ಅಂದರೆ ಹೀರೋಯಿನ್ ಕಣ್ಣಿನ ವರ್ಣನೆ ಪೂರ್ತಿ, ಹೀರೋ ಸ್ವಗತ ಅರ್ಧ. ಕಾದಂಬರಿ ಸುಧಾರಿಸಿತು. ನಮ್ಮಲ್ಲಿ ಎಷ್ಟೋ ಕಾದಂಬರಿಗಳಿಗೆ ಇಂಥ ಒಬ್ಬ ಪ್ರೆಸ್ಸಿನವನು ಸಿಗಬೇಕಿತ್ತು ಅಂತ ನನಗೆ ಅನ್ನಿಸಿದೆ. ಹೆಸರು ಹೇಳಿದರೆ ಜಗಳ.

ಊರಲ್ಲಿ ಒಂದು ಮಾತು ಎದ್ದಿತು. ಪ್ರಕಾಶಕರು ಯಾರೂ ತಗೊಳ್ಳಲಿಲ್ಲವೇನೋ, ಅದಕ್ಕೇ ಸ್ವಂತ ಖರ್ಚು. ಟೈಲರಮ್ಮನಿಗೆ ಇದು ಚುಚ್ಚಿತು. ಆ ದಿನ ಬೇಲಿ ಹತ್ತಿರ ಬಂದವಳು ಹೂವನ್ನೂ ಕೀಳಲಿಲ್ಲ, ಕತ್ತರಿಯನ್ನೂ ತಂದಿರಲಿಲ್ಲ. ನಾನು ನಂಜನಗೂಡಿನ ತಿರುಮಲಾಂಬಾ ಅವರ ವಿಷಯ ತೆಗೆದೆ.

1887ರಲ್ಲಿ ಹುಟ್ಟಿದವರು. ಚಿಕ್ಕವಯಸ್ಸಿಗೇ ಮದುವೆ, ಚಿಕ್ಕವಯಸ್ಸಿಗೇ ವೈಧವ್ಯ. ಆ ಕಾಲದಲ್ಲಿ ಅಂಥ ಹೆಣ್ಣುಮಗಳು ಕೈಗೆ ಜಪಮಣಿ ತಗೊಂಡು ಮೂಲೆ ಸೇರಬೇಕಿತ್ತು. ಇವರು ಲೇಖನಿ ತಗೊಂಡರು. ಮನೆಯಲ್ಲೇ ಓದಿದರು, ಬರೆದರು. 1913ರಲ್ಲಿ 'ಸತೀಹಿತೈಷಿಣೀ' ಅಂತ ಸ್ವಂತ ಗ್ರಂಥಮಾಲೆ ಶುರು ಮಾಡಿ ಅದರಲ್ಲೇ ತಮ್ಮ 'ಸುಶೀಲೆ' ಕಾದಂಬರಿ ತಂದರು. ಆಮೇಲೆ 'ಕರ್ಣಾಟಕ ನಂದಿನಿ' ಅಂತ ಪತ್ರಿಕೆಯನ್ನೂ ನಡೆಸಿದರು. ಹೊಸಗನ್ನಡದಲ್ಲಿ ಹೆಂಗಸರ ಕಾದಂಬರಿ ಅಂತ ಲೆಕ್ಕ ಹಾಕೋಕೆ ಕೂತರೆ ಮೊದಲ ಸಾಲಲ್ಲೇ ಬರೋ ಈ ಹೆಸರು ಸ್ವಂತ ಪ್ರಕಟಣೆಯದು ಕಣಮ್ಮ. ಆಕೆ ಯಾರ ಬಾಗಿಲಿಗೂ ಹೋಗಿ 'ಸ್ವಾಮಿ, ನನ್ನ ಪುಸ್ತಕ ಹಾಕಿ' ಅಂತ ನಿಲ್ಲಲಿಲ್ಲ. ತೀರಿಕೊಂಡದ್ದು 1982ರಲ್ಲಿ.

"ಮಾರಿದ್ದು ಯಾರು?" ಟೈಲರಮ್ಮನ ಪ್ರಶ್ನೆ ಯಾವಾಗಲೂ ಗಿರಾಕಿಯ ಕಡೆಯಿಂದಲೇ.

ಮಾರಾಟ ಅಂದರೆ ಗಳಗನಾಥರನ್ನ ಬಿಟ್ಟು ಬೇರೆ ಹೆಸರು ಹೇಳೋಕಾಗುತ್ತಾ? ಹಾವೇರಿ ಕಡೆಯವರು, ಶಾಲಾ ಮಾಸ್ತರರು, 'ಸದ್ಬೋಧ ಚಂದ್ರಿಕೆ' ನಡೆಸಿದವರು. ಕಾದಂಬರಿ ಬರೆದು, ಅಚ್ಚು ಹಾಕಿಸಿ, ಆ ಗಂಟನ್ನ ತಲೆ ಮೇಲೆ ಹೊತ್ತುಕೊಂಡು ಊರೂರು ನಡೆದು ಮಾರಿದ ಮಹಾನುಭಾವ. ಕನ್ನಡದಲ್ಲಿ ಕಾದಂಬರಿ ಓದೋ ಚಟವನ್ನ ಉತ್ತರದ ಕಡೆ ಹತ್ತಿಸಿದ್ದೇ ಆ ಗಂಟು. 1942ರಲ್ಲಿ ಹೋದರು, ದುಡ್ಡು ಅಂತ ಏನೂ ಕೂಡಿಡಲಿಲ್ಲ.

"ಅವರು ಹೊತ್ಕೊಂಡು ಹೋಗಿದ್ರು. ನನ್ನ ಹತ್ರ ಗಿರಾಕಿಗಳೇ ಬರ್ತಾರಲ್ಲ" ಅಂದಳು. ಮುಖ ಸರಿಹೋಯಿತು.

ಹೆಸರಿನ ಸಮಸ್ಯೆ ಆಮೇಲೆ ಬಂತು. ಮುಖಪುಟದಲ್ಲಿ ಹೆಂಡತಿಯ ಹೆಸರು ಬೇಡ, ಜನ ಏನಂತಾರೋ ಅಂತ ಗಂಡ. ನಾನು ದಾರಿ ತೋರಿಸಿದೆ: ಅನಸೂಯಾ ಶಂಕರ್ ತ್ರಿವೇಣಿ ಆದರು, ಬಿ.ಎನ್. ಸುಬ್ಬಮ್ಮ ವಾಣಿ ಆದರು, ವೆಂಕಟಲಕ್ಷ್ಮಿ ಅನುಪಮಾ ಆದರು. ನೀನೂ ಒಂದು ಕಾವ್ಯನಾಮ ಇಟ್ಟುಕೊ. ಅವಳಿಗೆ ಹಿಡಿಸಲಿಲ್ಲ. ಬೇಲೂರಿನ ಗುಡಿಯಲ್ಲಿ ಗೈಡು ಹೇಳಿದ್ದನ್ನ ನೆನಪು ಮಾಡಿಕೊಂಡಳು. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ, ತಾವು ಕಡೆದ ಮದನಿಕೆಯರ ಕೆಳಗೆ ಹೆಸರು ಕೆತ್ತಿಕೊಂಡಿದ್ದಾರಲ್ಲ. "ರಾಜನ ಗುಡೀಲೇ ಕೂಲಿಯೋರು ಹೆಸರು ಹಾಕ್ಕೊಂಡವ್ರೆ. ನನ್ನ ದುಡ್ಡಿನ ಪುಸ್ತಕಕ್ಕೆ ನನ್ನ ಹೆಸರು ಯಾಕೆ ಬೇಡ?" ಗಂಡ ಏನೂ ಹೇಳದೆ ಗಾರೆ ಕೆಲಸಕ್ಕೆ ಹೊರಟ. ಅದೂ ಅಲ್ಲದೆ 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಬಂದಾಗಿಂದ ಅವಳಿಗೆ ಒಂದು ಧೈರ್ಯ. "ಹಾಸನದೋರಿಗೆ ಬಂತಲ್ಲ ಮೇಷ್ಟ್ರೇ, ಮಾದಿಹಳ್ಳಿ ಏನು ಅಷ್ಟು ದೂರವಾ?"

ಪ್ರಕಾಶನಕ್ಕೆ ಅಂಗಡಿಯ ಬೋರ್ಡಿನ ಹೆಸರೇ. ಐ.ಎಸ್.ಬಿ.ಎನ್. ನಂಬರಿಗೆ ದೆಹಲಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿಗೆ ಅರ್ಜಿ ಹಾಕಿದ್ದಾಯಿತು. ಅದಕ್ಕೆ ದುಡ್ಡಿಲ್ಲ ಅಂತ ತಿಳಿದಾಗ ಅವಳಿಗೆ ನಂಬಿಕೆಯೇ ಬರಲಿಲ್ಲ, ಸರ್ಕಾರದ್ದು ಅಂತೀರಿ, ಪುಕ್ಕಟೆ ಅಂತೀರಿ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೂ ಹಾಕು ಅಂದೆ. ಅದು ಆಯ್ಕೆ ಆಗಿ, ಆದೇಶ ಬಂದು, ಹಣ ಕೈಗೆ ಸೇರೋ ಹೊತ್ತಿಗೆ ನಾಯಕನ ಶುಂಠಿ ಗುತ್ತಿಗೆಯೇ ಮುಗಿದಿರುತ್ತೆ ಅಂತ ಅವಳೇ ಲೆಕ್ಕ ಹಾಕಿದಳು.

ಕೊನೆಗೆ ಬೆಲೆಯ ಮಾತು. ಕಾಗದ, ಅಚ್ಚು, ಬೈಂಡಿಂಗ್ ಎಲ್ಲ ಕೂಡಿಸಿ ಒಂದು ಅಂಕೆ ಹೇಳಿದಳು. ಜಾಸ್ತಿ ಆಯಿತೇನೋ ಅಂದೆ. ಒಳಗಿಂದ ಅಕ್ಕಿ ಆರಿಸುತ್ತ ಕೇಳಿಸಿಕೊಳ್ಳುತ್ತಿದ್ದ ನನ್ನ ಹೆಂಡತಿ ಮೊರ ಹಿಡಿದುಕೊಂಡೇ ಬೇಲಿಗೆ ಬಂದಳು.

"ಲೈನಿಂಗ್ ಬ್ಲೌಸಿಗೆ ನೀನು ತಗೊಳ್ಳೋ ಕೂಲಿಗಿಂತ ಕಮ್ಮೀನೇ ಆಯ್ತಲ್ಲೇ ಇದು. ಎರಡು ವರ್ಷ ಬರೆದಿದ್ದು ಅಂತೀಯ!"

"ಅಕ್ಕಾ, ಬ್ಲೌಸು ಹಾಕ್ಕೊಳ್ದೆ ಆಚೆ ಹೋಗೋಕಾಗುತ್ತಾ? ಕಾದಂಬರಿ ಓದ್ದೆ ಹೋಗಬಹುದು. ಅದಕ್ಕೇ ಕಮ್ಮಿ." ಆಮೇಲೆ ದನಿ ತಗ್ಗಿಸಿದಳು. "ಒಂದು ಯೋಚನೆ ಮಾಡಿದೀನಿ. ಪುಸ್ತಕ ತಗೊಂಡೋರ ಬ್ಲೌಸು ಮೊದಲು ಹೊಲಿದುಕೊಡೋದು. ಮಿಕ್ಕಿದ್ದು ಆಮೇಲೆ."

ಮದುವೆ ಸೀಸನ್ ತಲೆ ಮೇಲಿದೆ. ನಮ್ಮ ನೆಂಟರಲ್ಲೇ ಎರಡು ಲಗ್ನ. ನನ್ನ ಹೆಂಡತಿ ಮೊರ ಕೆಳಗಿಟ್ಟಳು.

"ಹಾಗಾದ್ರೆ ನನ್ನ ಹೆಸರಲ್ಲಿ ಎರಡು ಪ್ರತಿ ಬರ್ಕೊ. ಇವರ ತಂಗೀದೂ ಸೇರಿಸಿ ಮೂರು."